ಗರಿಯ ಸುತ್ತ ಬಿಳಿ ಚೌಕ: ಗೇಮ್‌ಗೆ ಚಿತ್ರ ಬರೆಯುವವರು ಮೂಲವನ್ನು ಕಳೆದುಕೊಳ್ಳಬಾರದು



ಕಳೆದ ಕ್ರಿಸ್ಮಸ್‌ಗೆ ಗೋದಲಿ ಕಟ್ಟುವ ದಿನಗಳಲ್ಲಿ ನಮ್ಮ ಗುಂಪಿನ ಮಕ್ಕಳಿಗೆ ಒಂದು ಹೊಸ ಆಸೆ ಹುಟ್ಟಿತು. ಗೋದಲಿಯ ಪಕ್ಕದಲ್ಲಿ ಹಳೆಯ ಲ್ಯಾಪ್‌ಟಾಪ್ ಒಂದನ್ನು ಇಟ್ಟು, ಪೂಜೆ ಮುಗಿಸಿ ಬರುವ ಚಿಕ್ಕ ಮಕ್ಕಳು ಆಡುವಂಥ ಪುಟ್ಟ ಗೇಮ್ ಮಾಡೋಣ ಅಂತ. ಕುರುಬನೊಬ್ಬ ರಾತ್ರಿ ತೋಟ, ಗುಡ್ಡ ದಾಟಿ ತಪ್ಪಿಸಿಕೊಂಡ ಕುರಿಗಳನ್ನು ಹುಡುಕಿಕೊಂಡು ಹೋಗುವ ಆಟ. ಒಂಬತ್ತನೇ ಕ್ಲಾಸಿನ ಹುಡುಗಿಯೊಬ್ಬಳು "ಚಿತ್ರ ಎಲ್ಲ ನಾನೇ ಬರೆಯುತ್ತೇನೆ" ಎಂದಳು. ಬರೆದಳು ಕೂಡ. ಅಮ್ಮನ ಮೊಬೈಲಿನಲ್ಲಿ, ಬೆರಳಿನಲ್ಲೇ, ಪರೀಕ್ಷೆ ಮುಗಿದ ಮೇಲೆ ಎರಡು ವಾರ ಕೂತು ಕುರಿ, ನಕ್ಷತ್ರ, ತೆಂಗಿನ ಗರಿ, ಅಡಿಕೆ ಮರ ಬರೆದಳು. "ಬೆತ್ಲೆಹೇಮಿನಲ್ಲಿ ಅಡಿಕೆ ಮರ ಉಂಟಾ?" ಎಂದು ಯಾರೋ ತಮಾಷೆ ಮಾಡಿದರು. "ನಮ್ಮ ಗೋದಲಿಯಲ್ಲಿ ಉಂಟಲ್ಲ" ಎಂದು ಅವಳೇ ಉತ್ತರ ಕೊಟ್ಟಳು.

ನಾನು ಅವಳಿಗೆ ಹೇಳಿದ್ದು ಒಂದೇ ಮಾತು. "ಎಲ್ಲ ಗ್ರೂಪಿಗೆ ಹಾಕಿಬಿಡು, ನಾನು ಅಲ್ಲಿಂದ ತೆಗೆದುಕೊಳ್ಳುತ್ತೇನೆ."

ಅವಳು ಹಾಕಿದಳು. ನಾನು ಡೌನ್‌ಲೋಡ್ ಮಾಡಿ ಗೇಮ್‌ನೊಳಗೆ ಇಟ್ಟೆ. ಕತ್ತಲ ಆಕಾಶದ ಎದುರು ಪ್ರತಿ ಗರಿಯ ಸುತ್ತಲೂ ಒಂದೊಂದು ಬಿಳಿ ಚೌಕ! ಕುರಿಗಳು ಬಿಳಿ ಕಾಗದದ ಮೇಲೆ ಅಂಟಿಸಿದ ಹಾಗೆ ಕಂಡವು. "ಅಣ್ಣಾ, ನನ್ನ ಗರಿಗೆ ಬಿಳಿ ಚೌಕ ಯಾಕೆ ಬಂತು? ನಾನು ಹಾಗೆ ಬರೆದಿರಲಿಲ್ಲ" ಎಂದಳು. ಅವಳು ಹೇಳಿದ್ದು ಸರಿ. "ಮೊಬೈಲಿನಲ್ಲಿರುವ ಮೂಲ ಕಳುಹಿಸು" ಎಂದು ಕೇಳಿದೆ. ಮೊಬೈಲಿನಲ್ಲಿ ಜಾಗ ತುಂಬಿತ್ತು. ಹೇಗೂ ಗ್ರೂಪಿನಲ್ಲಿ ಇದೆಯಲ್ಲ ಎಂದು ಅವಳು ಅಳಿಸಿದ್ದಳು.

ಮೂರು ರಾತ್ರಿ ಕೂತು ಆ ಬಿಳಿಯನ್ನು ಕತ್ತರಿಸಿದೆವು. ಗೇಮ್ ಏನೋ ಓಡಿತು. ಆದರೆ ಅವಳು ಅಷ್ಟು ಜಾಗ್ರತೆಯಿಂದ ಬರೆದಿದ್ದ ಗರಿಯ ತೆಳು ತುದಿಗಳು ಮರಳಿ ಬರಲಿಲ್ಲ. ತಪ್ಪು ಅವಳದಲ್ಲ. ಬಿಎಸ್‌ಸಿ ಓದಿ, ಕಂಪ್ಯೂಟರ್ ಗೊತ್ತು ಎಂದು ಮುಂದೆ ನಿಂತಿದ್ದ ನನ್ನದು.

ಆ ದಿನದಿಂದ ನನ್ನಲ್ಲಿ ಒಂದು ಅಭಿಪ್ರಾಯ ಗಟ್ಟಿಯಾಗಿದೆ. ಗೇಮ್‌ಗೆಂದು ಬರೆದ ಚಿತ್ರದ ಮೂಲವನ್ನು ಏನೂ ಕಳೆದುಹೋಗದ, ಯಾರ ಅಪ್ಪಣೆಯೂ ಬೇಡದ ಒಂದು ಫಾರ್ಮ್ಯಾಟ್‌ನಲ್ಲೇ ಇಡಬೇಕು. ಇವತ್ತಿನ ಮಟ್ಟಿಗೆ ಅದು ಪಿಎನ್‌ಜಿ. ಗೇಮ್ ಓಡುವಾಗ ಬೇರೆ ರೂಪ ಬೇಕಾದರೆ, ಅದು ಮೂಲದಿಂದ ಮಾಡಿದ ನಕಲು ಮಾತ್ರ ಆಗಿರಬೇಕು. ಇದು ದೊಡ್ಡ ಸ್ಟುಡಿಯೋಗಳಿಗಿಂತ ಹೆಚ್ಚಾಗಿ ನಮ್ಮಂಥ, ಅಮ್ಮನ ಮೊಬೈಲಿನಲ್ಲಿ ಚಿತ್ರ ಬರೆಯುವವರಿಗೆ ಅನ್ವಯಿಸುವ ಮಾತು. ಯಾಕೆ ಎಂದು ಹೇಳುತ್ತೇನೆ.

ಮೊದಲು, ಆ ಬಿಳಿ ಚೌಕ ಎಲ್ಲಿಂದ ಬಂತು?

ಪರದೆಯ ಮೇಲಿನ ಪ್ರತಿ ಚುಕ್ಕಿಗೂ, ಅಂದರೆ ಪಿಕ್ಸೆಲ್‌ಗೂ, ಕೆಂಪು, ಹಸಿರು, ನೀಲಿ ಎಂದು ಮೂರು ಸಂಖ್ಯೆಗಳಿರುತ್ತವೆ. ಒಂದೊಂದೂ 0ಯಿಂದ 255ರ ವರೆಗೆ. ಗೇಮ್‌ನ ಚಿತ್ರಗಳಿಗೆ ಇದು ಸಾಲದು. ಕಂಪ್ಯೂಟರ್‌ಗೆ ಯಾವ ಚಿತ್ರವೂ ಆಯತವೇ. ಗರಿ ಆಯತವಲ್ಲ. ಹಾಗಾಗಿ "ಈ ಚುಕ್ಕಿ ಎಷ್ಟು ಕಾಣಬೇಕು" ಎಂದು ಹೇಳುವ ನಾಲ್ಕನೆಯ ಸಂಖ್ಯೆ ಬೇಕು. ಅದಕ್ಕೆ ಆಲ್ಫಾ ಎನ್ನುತ್ತಾರೆ. ಆಲ್ಫಾ 0 ಆದರೆ ಚುಕ್ಕಿ ಪೂರ್ತಿ ಮಾಯ, 255 ಆದರೆ ಪೂರ್ತಿ ಗಟ್ಟಿ, ನಡುವೆ ಇದ್ದರೆ ಹಿಂದಿನದೂ ಮುಂದಿನದೂ ಬೆರೆತು ಕಾಣುತ್ತದೆ. ಆಲ್ಫಾ ಚಾನೆಲ್ ಎಂಬ ಈ ಕಲ್ಪನೆಯನ್ನು 1970ರ ದಶಕದ ಕೊನೆಯಲ್ಲಿ ನ್ಯೂಯಾರ್ಕ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿಯಲ್ಲಿದ್ದ ಎಡ್ ಕ್ಯಾಟ್ಮಲ್ ಮತ್ತು ಆಲ್ವಿ ರೇ ಸ್ಮಿತ್ ರೂಪಿಸಿದರು. ಎರಡು ಚಿತ್ರ ಬೆರೆಸುವ ಸೂತ್ರದಲ್ಲಿದ್ದ ಗ್ರೀಕ್ ಅಕ್ಷರವೇ ಅದಕ್ಕೆ ಹೆಸರಾಯಿತು. ಇಬ್ಬರೂ ಮುಂದೆ ಪಿಕ್ಸಾರ್ ಸ್ಥಾಪಿಸಿದವರು. ಒಂದು ಚಿತ್ರದ ಮೇಲೆ ಇನ್ನೊಂದನ್ನು ಕೂರಿಸುವ ಲೆಕ್ಕವನ್ನು 1984ರಲ್ಲಿ ಥಾಮಸ್ ಪೋರ್ಟರ್ ಮತ್ತು ಟಾಮ್ ಡಫ್ ಒಂದು ಪ್ರಬಂಧದಲ್ಲಿ ವ್ಯವಸ್ಥಿತವಾಗಿ ಬರೆದಿಟ್ಟರು. ನಿಮ್ಮ ಮೊಬೈಲಿನ ಗೇಮ್ ಇವತ್ತಿಗೂ ಅದೇ ಲೆಕ್ಕ ಮಾಡುತ್ತದೆ.

ಈಗ ನಮ್ಮ ಗ್ರೂಪಿನ ಕಥೆಗೆ ಬನ್ನಿ. ಚಾಟ್ ಆ್ಯಪ್‌ನಲ್ಲಿ ಫೋಟೊ ಎಂದು ಕಳುಹಿಸಿದ್ದು ಸಾಮಾನ್ಯವಾಗಿ ಜೆಪೆಗ್ ಆಗಿ ಹೋಗುತ್ತದೆ. 1992ರಲ್ಲಿ ಬಂದ ಜೆಪೆಗ್ ಫೋಟೊಗಳಿಗಾಗಿಯೇ ಹುಟ್ಟಿದ್ದು. ಅದರ ಕೆಲಸದ ಬಗ್ಗೆ ನನ್ನ ತಕರಾರಿಲ್ಲ. ಹಬ್ಬದ ಮೆರವಣಿಗೆಯ ಫೋಟೊಗೆ ಅದೇ ಸರಿ. ಆದರೆ ಅದರಲ್ಲಿ ಆಲ್ಫಾಗೆ ಜಾಗವೇ ಇಲ್ಲ. ಪಾರದರ್ಶಕ ಚಿತ್ರವನ್ನು ಜೆಪೆಗ್ ಮಾಡಿದರೆ ಆ ನಾಲ್ಕನೆಯ ಸಂಖ್ಯೆ ಹೋಗುತ್ತದೆ, ಖಾಲಿ ಜಾಗಕ್ಕೆ ಬಿಳಿಯೋ ಕಪ್ಪೋ ಬಣ್ಣ ತುಂಬುತ್ತದೆ. ಸಾಲದ್ದಕ್ಕೆ ಜೆಪೆಗ್ ಚಿತ್ರವನ್ನು 8×8 ಪಿಕ್ಸೆಲ್‌ಗಳ ತುಂಡು ಮಾಡಿ, ಕಣ್ಣಿಗೆ ಬೀಳದು ಎಂದುಕೊಂಡ ವಿವರವನ್ನು ಬಿಟ್ಟುಬಿಡುತ್ತದೆ. ಹೀಗಾಗಿ ಗರಿಯ ಅಂಚಿನ ಸುತ್ತ ಕೊಳೆಯಂತೆ ಬೂದು ಚುಕ್ಕಿಗಳು. ಅದಕ್ಕೇ ಬಿಳಿಯನ್ನು ಎಷ್ಟು ಕತ್ತರಿಸಿದರೂ ನಮಗೆ ಚೊಕ್ಕವಾಗಿ ಬರಲಿಲ್ಲ. ಮತ್ತೆ ಪಿಎನ್‌ಜಿ ಎಂದು ಸೇವ್ ಮಾಡಿದರೂ ಹೋದದ್ದು ಬರುವುದಿಲ್ಲ. ಫೈಲಿನ ಹೆಸರು ಬದಲಾಗುತ್ತದೆ, ಅಷ್ಟೇ.

ಹಳೆಯ ಗೇಮ್‌ಗಳು ಈ ಸಮಸ್ಯೆಗೆ ತಮ್ಮದೇ ದಾರಿ ಹುಡುಕಿಕೊಂಡಿದ್ದವು. 1998ರ ಹಾಫ್-ಲೈಫ್‌ನಲ್ಲಿ ಚಿತ್ರಕ್ಕೆ 256 ಬಣ್ಣಗಳ ಪಟ್ಟಿ ಇರುತ್ತಿತ್ತು. ಟೆಕ್ಸ್ಚರ್‌ನ ಹೆಸರು ಪುಷ್ಪಾವರಣ ಚಿಹ್ನೆಯಿಂದ ಶುರುವಾದರೆ ಆ ಪಟ್ಟಿಯ ಕೊನೆಯ ಬಣ್ಣ ಕಾಣಬಾರದು ಎಂದು ಅರ್ಥ. ಬೇಲಿ, ಜಾಲರಿಗಳನ್ನು ಹಾಗೆ ಮಾಡುತ್ತಿದ್ದರು. ಅಲ್ಲಿ ಒಂದೋ ಇದೆ, ಇಲ್ಲವೋ ಇಲ್ಲ. ಅರೆ ಪಾರದರ್ಶಕ ಎಂಬುದಿಲ್ಲ. 1999ರ ಕ್ವೇಕ್ 3 ಅರೇನಾದಲ್ಲಿ ಗೋಡೆ, ನೆಲದಂಥ ಗಟ್ಟಿ ಮೇಲ್ಮೈಗಳ ಅನೇಕ ಚಿತ್ರಗಳು ಜೆಪೆಗ್; ಆಲ್ಫಾ ಬೇಕಾದಲ್ಲಿ ಟಿಜಿಎ. ಈ ಟಿಜಿಎ 1984ರಲ್ಲಿ ಟ್ರೂವಿಷನ್ ಕಂಪನಿ ತಂದ ಸರಳ ಫಾರ್ಮ್ಯಾಟ್. ಫೈಲು ದೊಡ್ಡದಾಗುತ್ತದೆ, ಆದರೆ ನಾಲ್ಕೂ ಸಂಖ್ಯೆಗಳು ಹಾಗೇ ಇರುತ್ತವೆ. ಇವತ್ತಿಗೂ ಕೆಲವು ಕಲಾವಿದರು ಅದನ್ನು ಬಿಟ್ಟಿಲ್ಲ. ಆಲ್ಫಾದಲ್ಲಿ ಪಾರದರ್ಶಕತೆಯ ಬದಲು ಹೊಳಪಿನ ಪ್ರಮಾಣದಂಥ ಬೇರೆ ಮಾಹಿತಿ ಇಡುವಾಗ ಟಿಜಿಎ ಅನುಕೂಲ ಎನ್ನುತ್ತಾರೆ. ಅವರ ಮಾತಿನಲ್ಲಿ ಹುರುಳಿದೆ. ಆದರೂ ನಮ್ಮ ಮಕ್ಕಳಿಗೆ ನಾನು ಅದನ್ನು ಹೇಳುವುದಿಲ್ಲ. ಅನೇಕ ಮೊಬೈಲುಗಳಲ್ಲಿ, ಬ್ರೌಸರ್‌ಗಳಲ್ಲಿ ಟಿಜಿಎ ತೆರೆಯುವುದೇ ಇಲ್ಲ. ತೆರೆದು ನೋಡಲಾಗದ ಚಿತ್ರವನ್ನು ಮನೆಯಲ್ಲಿ ಯಾರೂ ಜೋಪಾನ ಮಾಡುವುದಿಲ್ಲ.

ಪಿಎನ್‌ಜಿ ಹುಟ್ಟಿದ ಕಥೆ ನನಗೆ ಬಹಳ ಇಷ್ಟ. 1987ರಲ್ಲಿ ಕಂಪ್ಯುಸರ್ವ್ ಕಂಪನಿ ಗಿಫ್ ಫಾರ್ಮ್ಯಾಟ್ ಕೊಟ್ಟಿತು, ಜಗತ್ತೇ ಬಳಸಿತು. ಅದರೊಳಗಿನ ಎಲ್‌ಜಡ್‌ಡಬ್ಲ್ಯು ಎಂಬ ಕುಗ್ಗಿಸುವ ವಿಧಾನಕ್ಕೆ ಯುನಿಸಿಸ್ ಕಂಪನಿಯ ಪೇಟೆಂಟ್ ಇತ್ತು. 1994ರ ಡಿಸೆಂಬರ್ ಕೊನೆಯಲ್ಲಿ, ಗಿಫ್ ಬಳಸುವ ಸಾಫ್ಟ್‌ವೇರ್ ಮಾಡುವವರು ಲೈಸೆನ್ಸ್ ಪಡೆಯಬೇಕು ಎಂಬ ಸುದ್ದಿ ಬಂತು. ಒಂದು ವಾರ ಕಳೆಯುವುದರೊಳಗೆ, 1995ರ ಜನವರಿ 4ರಂದು, ಥಾಮಸ್ ಬೂಟೆಲ್ ಎಂಬವರು ಯೂಸ್‌ನೆಟ್ ಚರ್ಚಾಗುಂಪಿನಲ್ಲಿ ಹೊಸ ಫಾರ್ಮ್ಯಾಟ್‌ನ ಮೊದಲ ಕರಡು ಹಾಕಿದರು. ಬೇರೆ ಬೇರೆ ಊರಿನ ಜನ ತಿದ್ದಿದರು, ವಾದ ಮಾಡಿದರು, ಸೇರಿ ಬೆಳೆಸಿದರು. 1996ರ ಅಕ್ಟೋಬರ್ 1ರಂದು ಅದು ವರ್ಲ್ಡ್ ವೈಡ್ ವೆಬ್ ಕನ್ಸಾರ್ಷಿಯಂನ ಅಧಿಕೃತ ಶಿಫಾರಸಾಯಿತು. ಗಿಫ್‌ನಲ್ಲಿ 256 ಬಣ್ಣ, ಪೂರ್ತಿ ಪಾರದರ್ಶಕವಾದ ಒಂದೇ ಬಣ್ಣ. ಪಿಎನ್‌ಜಿಯಲ್ಲಿ ಕೋಟಿಗಟ್ಟಲೆ ಬಣ್ಣ, ಆಲ್ಫಾದ 256 ಹಂತಗಳು. ಕುಗ್ಗಿಸಿದರೂ ಒಂದು ಪಿಕ್ಸೆಲ್ ಕೂಡ ಬದಲಾಗುವುದಿಲ್ಲ. ದುಡ್ಡು ಕೊಡದೆ, ಯಾರನ್ನೂ ಕೇಳದೆ ಬಳಸಬಹುದು.

ಇದರ ಫಲ ನೋಡಬೇಕಾದರೆ ಮೈನ್‌ಕ್ರಾಫ್ಟ್ ನೋಡಿ. ಅದರ ಜಾವಾ ಆವೃತ್ತಿಯಲ್ಲಿ ಮಣ್ಣು, ಕಲ್ಲು, ಎಲೆ, ಗಾಜು ಎಲ್ಲವೂ ಪಿಎನ್‌ಜಿ ಚಿತ್ರಗಳು. ಹೆಚ್ಚಿನವು ಬರೀ 16×16 ಪಿಕ್ಸೆಲ್. ಎಲೆಯ ಚಿತ್ರದಲ್ಲಿ ಅಲ್ಲಲ್ಲಿ ತೂತು, ಅಂದರೆ ಆಲ್ಫಾ 0. ಬಣ್ಣದ ಗಾಜಿನಲ್ಲಿ ಆಲ್ಫಾ ನಡುವೆ ಎಲ್ಲೋ ಇರುತ್ತದೆ, ಹಾಗಾಗಿ ಆಚೆ ಇರುವುದು ಬಣ್ಣ ಬಳಿದಂತೆ ಕಾಣುತ್ತದೆ, ಇಗರ್ಜಿಯ ಬಣ್ಣದ ಕಿಟಕಿಯ ಹಾಗೆ. ಪಿಎನ್‌ಜಿ ಆದ್ದರಿಂದಲೇ ಯಾವ ಊರಿನ ಮಗುವೂ ಆ ಚಿತ್ರ ತೆರೆದು, ತಿದ್ದಿ, ತನ್ನದೇ ರಿಸೋರ್ಸ್ ಪ್ಯಾಕ್ ಮಾಡಿಕೊಳ್ಳಬಹುದು. ಆ ಬಾಗಿಲು ತೆರೆದೇ ಇರಬೇಕು ಎಂಬುದೇ ನನ್ನ ವಾದ.

ಈಗ ಎದುರು ವಾದ. ನಮ್ಮ ಗುಂಪಿನಲ್ಲೇ ಇಂಜಿನಿಯರಿಂಗ್ ಓದುವ ಒಬ್ಬ ಹುಡುಗ ಹೇಳಿದ: "ಪಿಎನ್‌ಜಿ ಗೇಮ್‌ಗೆ ಆಗದು ಮಾರಾಯ್ರೇ, ಡಿಡಿಎಸ್ ಮಾಡಬೇಕು." ಅವನ ಮಾತಿನಲ್ಲಿ ಅರ್ಧ ಸತ್ಯವಿದೆ.

1024×1024 ಪಿಕ್ಸೆಲ್‌ನ ಒಂದು ಚಿತ್ರ ತೆಗೆದುಕೊಳ್ಳಿ. ಪ್ರತಿ ಪಿಕ್ಸೆಲ್‌ಗೆ ನಾಲ್ಕು ಬೈಟ್. ಡಿಸ್ಕ್‌ನಲ್ಲಿ ಪಿಎನ್‌ಜಿ ಎಷ್ಟೇ ಚಿಕ್ಕದಾಗಿರಲಿ, ಗ್ರಾಫಿಕ್ಸ್ ಚಿಪ್‌ನ ಮೆಮೊರಿಗೆ ಹೋಗುವಾಗ ಬಿಚ್ಚಿ 4 ಎಂಬಿ ಆಗಿಬಿಡುತ್ತದೆ. ಯಾಕೆಂದರೆ ಪಿಎನ್‌ಜಿಯನ್ನು ಮೊದಲಿನಿಂದ ಸಾಲಾಗಿ ಬಿಚ್ಚಬೇಕು. ಚಿಪ್‌ಗೆ ಬೇಕಿರುವುದು ಯಾವ ಕ್ಷಣದಲ್ಲಾದರೂ ಯಾವ ಮೂಲೆಯ ಪಿಕ್ಸೆಲ್ ಆದರೂ ಸಿಗುವ ವ್ಯವಸ್ಥೆ. ಅದಕ್ಕಾಗಿ ಬೇರೆ ರೂಪಗಳಿವೆ. ಡಿಡಿಎಸ್ ಎಂಬುದು ಅಂಥವನ್ನು ತುಂಬಿಡುವ ಒಂದು ಡಬ್ಬಿ. ಅದರೊಳಗೆ ಇರುವ ಬಿಸಿ1, ಬಿಸಿ3, ಬಿಸಿ7 ಮುಂತಾದವು ಚಿತ್ರವನ್ನು 4×4 ಪಿಕ್ಸೆಲ್‌ಗಳ ತುಂಡು ಮಾಡಿ, ಪ್ರತಿ ತುಂಡಿಗೂ ಒಂದೇ ಅಳತೆಯ ಜಾಗ ಕೊಡುತ್ತವೆ. ಬಿಸಿ1ರಲ್ಲಿ ತುಂಡಿಗೆ 8 ಬೈಟ್; ಆ 4 ಎಂಬಿ ಚಿತ್ರ ಅರ್ಧ ಎಂಬಿಗೆ ಇಳಿಯುತ್ತದೆ, ಆದರೆ ಆಲ್ಫಾ ಇದ್ದರೆ ಇದೆ, ಇಲ್ಲದಿದ್ದರೆ ಇಲ್ಲ ಎಂಬಷ್ಟೇ. ಬಿಸಿ3 ಮತ್ತು ಬಿಸಿ7ರಲ್ಲಿ 16 ಬೈಟ್. ಚಿತ್ರ 1 ಎಂಬಿ, ಆಲ್ಫಾ ನಯವಾಗಿ ಬರುತ್ತದೆ. ಮೊಬೈಲುಗಳಲ್ಲಿ ಇದೇ ಕೆಲಸಕ್ಕೆ ಇಟಿಸಿ2, ಎಎಸ್‌ಟಿಸಿ ಇವೆ. ಇಂಥ ಇಪ್ಪತ್ತು ಚಿತ್ರಗಳಿದ್ದರೆ 80 ಎಂಬಿಗೂ 20 ಎಂಬಿಗೂ ಇರುವ ವ್ಯತ್ಯಾಸ. ನಮ್ಮ ಹಳೆಯ ಲ್ಯಾಪ್‌ಟಾಪ್‌ಗೆ ಅದು ಸಣ್ಣದಲ್ಲ.

ಹಾಗಾದರೆ ಅವನು ಹೇಳಿದಂತೆ ಮೂಲವನ್ನೇ ಡಿಡಿಎಸ್ ಮಾಡಿಟ್ಟರೆ? ಅಲ್ಲೇ ತಪ್ಪುವುದು. ಬಿಸಿ1ರ ಒಂದು ತುಂಡಿನಲ್ಲಿ 16 ಪಿಕ್ಸೆಲ್‌ಗಳಿಗೆ ಹೆಚ್ಚೆಂದರೆ ನಾಲ್ಕು ಬಣ್ಣ. ಒಮ್ಮೆ ಕುಗ್ಗಿಸಿದರೆ ಉಳಿದ ಬಣ್ಣಗಳು ಹೋದವು. ಮುಂದೆ ಅದನ್ನೇ ತೆರೆದು ತಿದ್ದಿ ಮತ್ತೆ ಕುಗ್ಗಿಸಿದರೆ ಇನ್ನಷ್ಟು ಹಾಳು. ಮೇಲಾಗಿ ಕಂಪ್ಯೂಟರ್‌ಗೆ ಸರಿಯಾದದ್ದು ಮೊಬೈಲ್‌ಗೆ ಸರಿಯಾಗದಿರಬಹುದು. ಇವತ್ತಿನ ಚಿಪ್‌ಗೆ ಚೆಂದದ್ದು ನಾಳೆ ಹಳತಾಗಬಹುದು. ಹಕ್ಕಿನ ಪ್ರಶ್ನೆಯೂ ಇತ್ತು. ಬಿಸಿ1, ಬಿಸಿ3ರ ಹಿಂದಿನ ತಂತ್ರ ಎಸ್3 ಕಂಪನಿಯದು. 1998ರಲ್ಲಿ ಡೈರೆಕ್ಟ್‌ಎಕ್ಸ್ 6ರ ಮೂಲಕ ಎಲ್ಲೆಡೆ ಹರಡಿದರೂ ಅದರ ಪೇಟೆಂಟ್ 2017ರ ವರೆಗೆ ಇತ್ತು. ಅಲ್ಲಿಯ ತನಕ ಲಿನಕ್ಸ್‌ನ ಮುಕ್ತ ಗ್ರಾಫಿಕ್ಸ್ ಸಾಫ್ಟ್‌ವೇರ್ ಆದ ಮೇಸಾ ಅದನ್ನು ನೇರವಾಗಿ ಸೇರಿಸಿಕೊಂಡಿರಲಿಲ್ಲ. ಗಿಫ್‌ನ ಪಾಠವೇ ಮತ್ತೊಮ್ಮೆ.

ಗೇಮ್ ಮಾಡುವ ಒಳ್ಳೆಯ ಸಾಧನಗಳು ಈ ವಿವೇಕವನ್ನು ಆಗಲೇ ಕಲಿತಿವೆ. ನಾವು ಬಳಸುವ ಗೊಡಾಟ್ ಎಂಜಿನ್‌ಗೆ ಪಿಎನ್‌ಜಿ ಕೊಟ್ಟರೆ, ಅದು ಮೂಲವನ್ನು ಮುಟ್ಟದೆ ಇದ್ದಲ್ಲೇ ಬಿಟ್ಟು, ಚಿಪ್‌ಗೆ ಬೇಕಾದ ನಕಲನ್ನು ಬೇರೆ ಫೋಲ್ಡರ್‌ನಲ್ಲಿ ಮಾಡಿಕೊಳ್ಳುತ್ತದೆ. ಆ ಫೋಲ್ಡರ್ ಅಳಿಸಿಹೋದರೂ ಚಿಂತೆಯಿಲ್ಲ, ಮತ್ತೆ ಮಾಡಿಕೊಳ್ಳುತ್ತದೆ. ಬೀಜ ಕೈಯಲ್ಲಿದ್ದರೆ ಸಸಿ ಮತ್ತೆ ಎಬ್ಬಿಸಬಹುದು ಎಂಬುದು ತೋಟದವರಿಗೆ ಹೇಳಿಕೊಡಬೇಕಾದ ಮಾತಲ್ಲ.

ಪಿಎನ್‌ಜಿ ಎಂದ ಕೂಡಲೇ ಎಲ್ಲ ಸರಿಹೋಯಿತು ಎಂದೂ ತಿಳಿಯಬೇಡಿ. ಎರಡು ಮೋಸಗಳನ್ನು ನಾನೇ ಕಂಡಿದ್ದೇನೆ. ಒಂದು, ಇಂಟರ್‌ನೆಟ್‌ನಿಂದ "ಪಾರದರ್ಶಕ ಪಿಎನ್‌ಜಿ" ಎಂದು ಇಳಿಸಿಕೊಂಡ ಚಿತ್ರ. ಹಿಂದೆ ಬೂದು-ಬಿಳಿ ಚೌಕಳಿ ಕಾಣುತ್ತದೆ. ತೆರೆದರೆ ಆ ಚೌಕಳಿಯೇ ಚಿತ್ರದ ಭಾಗ! ಆಲ್ಫಾ ಇಲ್ಲವೇ ಇಲ್ಲ. ಅಂಥದ್ದನ್ನು ಹುಡುಕುತ್ತಾ ಕೂರುವ ಹೊತ್ತಿನಲ್ಲಿ ನಾವೇ ಒಂದು ಬರೆಯಬಹುದು. ಇನ್ನೊಬ್ಬರ ಕೆಲಸ ಕೇಳದೆ ಎತ್ತಿಕೊಂಡ ತಪ್ಪೂ ಆಗದು. ಎರಡು, ಗರಿಯ ಸುತ್ತ ತೆಳ್ಳಗಿನ ಬಿಳಿ ಅಥವಾ ಕಪ್ಪು ಗೆರೆ. ಆಲ್ಫಾ 0 ಆದ ಪಿಕ್ಸೆಲ್‌ಗೂ ಒಳಗೆ ಒಂದು ಬಣ್ಣ ಇರುತ್ತದೆ, ಕಣ್ಣಿಗೆ ಕಾಣುವುದಿಲ್ಲ. ಗೇಮ್‌ನಲ್ಲಿ ಚಿತ್ರ ದೊಡ್ಡದು, ಚಿಕ್ಕದು ಮಾಡುವಾಗ ಅಕ್ಕಪಕ್ಕದ ಪಿಕ್ಸೆಲ್‌ಗಳು ಬೆರೆಯುತ್ತವೆ. ಆಗ ಅಡಗಿದ್ದ ಬಿಳಿ ಅಂಚಿಗೆ ಸೋರುತ್ತದೆ. ಪರಿಹಾರ ಸುಲಭ. ಗರಿಯ ಹಸಿರನ್ನೇ ಆ ಕಾಣದ ಜಾಗಕ್ಕೂ ಸ್ವಲ್ಪ ಹರಡಬೇಕು. ಗೊಡಾಟ್‌ನ ಇಂಪೋರ್ಟ್ ಸೆಟ್ಟಿಂಗ್‌ನಲ್ಲೇ ಇದಕ್ಕೊಂದು ಆಯ್ಕೆ ಇದೆ.

ಆದ್ದರಿಂದ ನಮ್ಮ ಗುಂಪಿನಲ್ಲಿ ಈಗ ಮಾಡಿಕೊಂಡ ನಿಯಮಗಳು ಇಷ್ಟು. ಬೇರೆ ಧರ್ಮಕೇಂದ್ರಗಳ ಯುವಜನರಿಗೂ ಉಪಯೋಗವಾದೀತು. ಬರೆದ ಆ್ಯಪ್‌ನ ಸ್ವಂತ ಫೈಲನ್ನು, ಪದರಗಳ ಸಮೇತ, ಇಟ್ಟುಕೊಳ್ಳಿ. ಅದರ ಜೊತೆ ಪೂರ್ಣ ಅಳತೆಯ ಪಿಎನ್‌ಜಿಯೂ ಇರಲಿ. ಗ್ರೂಪಿನಲ್ಲಿ ಕಳುಹಿಸುವುದಾದರೆ ಫೋಟೊ ಎಂದು ಕಳುಹಿಸಬೇಡಿ, ಡಾಕ್ಯುಮೆಂಟ್ ಎಂದು ಕಳುಹಿಸಿ. ಆಗ ಫೈಲು ಇದ್ದ ಹಾಗೇ ಹೋಗುತ್ತದೆ. ಬಂದ ಫೈಲನ್ನು ಒಂದು ಗಾಢ ಬಣ್ಣದ ಮೇಲೆ ಇಟ್ಟು ನೋಡಿ. ಬಿಳಿ ಚೌಕ ಇದ್ದರೆ ಕೂಡಲೇ ಗೊತ್ತಾಗುತ್ತದೆ. ಎರಡು ಕಡೆ ಪ್ರತಿ ಇರುವ ತನಕ ಯಾರೂ ಮೊಬೈಲಿನಿಂದ ಅಳಿಸಬಾರದು. ಜಾಗ ಇಲ್ಲ ಎಂದರೆ ದೊಡ್ಡವರು ಒಂದು ಪೆನ್‌ಡ್ರೈವ್ ತಂದುಕೊಡಬೇಕು. ಆ ಜವಾಬ್ದಾರಿ ಮಗುವಿನದಲ್ಲ.

ತಂದೆ ತಾಯಂದಿರಿಗೂ ಒಂದು ಮಾತು. "ಗೇಮ್ ಅಂತ ಮೊಬೈಲ್ ಹಿಡಿದುಕೊಂಡು ಕೂತಿದ್ದಾಳೆ" ಎಂದು ಬೈಯುವ ಮೊದಲು ಒಮ್ಮೆ ಪರದೆ ನೋಡಿ. ಆಡುತ್ತಿದ್ದಾಳೋ, ಗರಿ ಬರೆಯುತ್ತಿದ್ದಾಳೋ? ನಮ್ಮ ಗಡಿನಾಡಿನ ಮಕ್ಕಳು ಮನೆಯಲ್ಲೊಂದು, ಶಾಲೆಯಲ್ಲೊಂದು, ಬಸ್ಸಿನಲ್ಲೊಂದು ಭಾಷೆ ಆಡುತ್ತಾರೆ. ಅವರು ಬರೆದ ಅಡಿಕೆ ಮರ ಇನ್ಯಾವ ಊರಿನ ಗೇಮ್‌ನಲ್ಲೂ ಸಿಗುವುದಿಲ್ಲ. ಅದನ್ನು ಉಳಿಸಿಕೊಳ್ಳಲು ಬೇಕಾದದ್ದು ದುಬಾರಿ ಯಂತ್ರವಲ್ಲ, ಸ್ವಲ್ಪ ತಿಳಿವಳಿಕೆ.

ಆ ಹುಡುಗಿ ಮತ್ತೆ ಬರೆಯುತ್ತಾಳೋ ಇಲ್ಲವೋ ಎಂಬ ಭಯ ನನಗಿತ್ತು. ಈಸ್ಟರ್ ಕಳೆದ ಮೇಲೆ ಒಂದು ಭಾನುವಾರ ಪೂಜೆ ಮುಗಿದ ಬಳಿಕ ಬಂದು ಪೆನ್‌ಡ್ರೈವ್ ಕೊಟ್ಟಳು. "ಅಣ್ಣಾ, ಈ ಸಲ ಗ್ರೂಪಿಗೆ ಹಾಕಲಿಲ್ಲ" ಎಂದಳು. ಒಳಗೆ "ಮೂಲ" ಎಂಬ ಫೋಲ್ಡರ್. ಅದರಲ್ಲಿ ಹೊಸದಾಗಿ ಬರೆದ ಹನ್ನೊಂದು ಗರಿಗಳು, ಎಲ್ಲವೂ ಪಿಎನ್‌ಜಿ. ಕಪ್ಪು ಬಣ್ಣದ ಮೇಲಿಟ್ಟು ನೋಡಿದೆ. ತುದಿಗಳೆಲ್ಲ ಇದ್ದವು.